ಮಗಳಿಗೊಂದು, ನನಗೊಂದು: ಎರಡು ಬೇಸ್‌ಬಾಲ್ ಗ್ಲೌಸ್, ಒಂದು ಬೇಸಿಗೆ ರಜೆ

ಏಪ್ರಿಲ್‌ನಲ್ಲಿ ಮಗಳಿಗೆ ರಜೆ ಸಿಕ್ಕ ದಿನ ರಾತ್ರಿಯೇ ಆರ್ಡರ್ ಮಾಡಿದೆ. ಅವಳಿಗೆ 11 ಇಂಚಿನ ಬೇಸ್‌ಬಾಲ್ ಗ್ಲೌಸ್, ನನಗೆ 12 ಇಂಚಿನದು. ಚೆಂಡು ಹಿಡಿಯೋಕೆ ಒಂದೇ ಕೈಗೆ ಹಾಕುವ ದೊಡ್ಡ ಗ್ಲೌಸ್ ಇದು. ಎರಡೂ ಮೀರತ್ ಮಾಲು. ಅವಳದು 1,150 ರೂಪಾಯಿ, ನನ್ನದು 1,700. ಜೊತೆಗೆ ಒಂದು ಮೆತ್ತನೆ ಚೆಂಡು, ಒಂದು ಗಟ್ಟಿ ಚೆಂಡು. ಎಲ್ಲ ಸೇರಿ ಮೂರೂವರೆ ಸಾವಿರ. ದಾವಣಗೆರೆಯಲ್ಲಿ ಯಾರು ಬೇಸ್‌ಬಾಲ್ ಆಡ್ತಾರೆ ಅಂತ ಮನೆಯಲ್ಲೂ ಕೇಳಿದರು, ಬೀದಿಯಲ್ಲೂ ಕೇಳಿದರು. ನಾವಿಬ್ಬರು ಆಡ್ತೀವಿ. ರಜೆ ಮುಗಿಯೋವರೆಗೆ ಹೆಚ್ಚುಕಮ್ಮಿ ದಿನಾ ಆಡಿದ್ದೀವಿ. ಮಕ್ಕಳಿಗೆ ರಜೆಯಲ್ಲಿ ಏನು ಕೊಡಿಸೋದು ಅಂತ ಯೋಚಿಸುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಬ್ಯಾಟ್ ಆಮೇಲೆ ಕೊಳ್ಳಿ, ಮೊದಲು ಗ್ಲೌಸ್ ಕೊಳ್ಳಿ. ಅದೂ ಎರಡು ಕೊಳ್ಳಿ. ಮಗುವಿಗೆ ಮಾತ್ರ ಕೊಡಿಸಿ ನೀವು ಬರಿಗೈಯಲ್ಲಿ ನಿಂತರೆ ನಾಲ್ಕನೇ ದಿನಕ್ಕೆ ನಿಮ್ಮ ಅಂಗೈ ಊದಿಕೊಳ್ಳುತ್ತದೆ, ಐದನೇ ದಿನ ನೀವು ಹೋಗುವುದಿಲ್ಲ. ಬ್ಯಾಟ್ ಬೀಸೋಕೆ ಜನ ಬೇಕು, ದೊಡ್ಡ ಮೈದಾನ ಬೇಕು. ಎರಡು ಗ್ಲೌಸ್ ಮತ್ತು ಒಂದು ಚೆಂಡು ಇದ್ದರೆ ಹದಿನೈದು ಹೆಜ್ಜೆ ಜಾಗ ಸಾಕು. ಆಚೆ ಒಬ್ಬರು, ಈಚೆ ಒಬ್ಬರು.

ನಾನು ಕಾಲೇಜಿನಲ್ಲಿ ಎರಡು ವರ್ಷ ಸಾಫ್ಟ್‌ಬಾಲ್ ಆಡಿದವಳು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಖೋಖೋ, ಥ್ರೋಬಾಲ್ ಬಿಟ್ಟರೆ ಸಿಗುತ್ತಿದ್ದ ಆಟ ಅದು. ಸಾಫ್ಟ್‌ಬಾಲ್ ಬೇಸ್‌ಬಾಲ್‌ನ ತಂಗಿ ಇದ್ದ ಹಾಗೆ. ಚೆಂಡು ದೊಡ್ಡದು, ಸುತ್ತಳತೆ 12 ಇಂಚು. ಪಿಚರ್, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡು ಎಸೆಯುವವರು, ಕೈ ಕೆಳಗಿನಿಂದ ಎಸೆಯಬೇಕು. ಓಡುವವರು ಮುಟ್ಟಬೇಕಾದ ಗುರುತಿಗೆ ಬೇಸ್ ಅಂತಾರೆ, ಬೇಸ್‌ನಿಂದ ಬೇಸ್‌ಗೆ 60 ಅಡಿ. ಬೇಸ್‌ಬಾಲ್‌ನಲ್ಲಿ ಅದೇ 90 ಅಡಿ, ಚೆಂಡಿನ ಸುತ್ತಳತೆ 9 ಇಂಚಿನ ಆಸುಪಾಸು, ಕೈ ಮೇಲಿನಿಂದ ಎಸೆತ. ಆಗ ಗ್ಲೌಸ್ ಕಾಲೇಜಿನದು, ಇಡೀ ತಂಡಕ್ಕೆ ಆರು. ಒಂದು ತಂಡ ಬ್ಯಾಟಿಂಗ್‌ಗೆ ಬಂದಾಗ ಇನ್ನೊಂದು ತಂಡಕ್ಕೆ ಬಿಚ್ಚಿ ಕೊಡುತ್ತಿದ್ದೆವು. ಬೇರೆಯವರ ಬೆವರಿನಲ್ಲಿ ಒದ್ದೆಯಾದ ಗ್ಲೌಸ್‌ಗೆ ಕೈ ತೂರಿಸುತ್ತಿದ್ದೆ. ಸ್ವಂತದ್ದೊಂದು ಬೇಕು ಅಂತ ಆಗಿನಿಂದ ಆಸೆ ಇತ್ತು. ನಲವತ್ತೆರಡನೇ ವಯಸ್ಸಿಗೆ ಬಂತು.

ಈಗ ಎಡವಟ್ಟಿನ ವಿಷಯ. ನನ್ನ ಮಗಳು ಎಡಚಿ. ಬರೆಯೋದು, ಎಸೆಯೋದು ಎಲ್ಲ ಎಡಗೈ. ಬೇಸ್‌ಬಾಲ್ ಗ್ಲೌಸ್ ಹಾಕೋದು ಎಸೆಯದ ಕೈಗೆ. ಅಂದರೆ ಬಲಗೈಯಲ್ಲಿ ಎಸೆಯುವ ನನಗೆ ಗ್ಲೌಸ್ ಎಡಗೈಗೆ, ಎಡಗೈಯಲ್ಲಿ ಎಸೆಯುವ ಅವಳಿಗೆ ಬಲಗೈಗೆ. ನಾನು ಆನ್‌ಲೈನ್‌ನಲ್ಲಿ ‘ಎಡಗೈ’ ಅಂತ ಇದ್ದದ್ದನ್ನು ಒತ್ತಿದೆ. ಬಂದಿದ್ದು ಎಡಗೈಗೆ ಹಾಕುವ ಗ್ಲೌಸ್. ಅವಳು ಹಾಕಿಕೊಂಡು, ಚೆಂಡು ಹಿಡಿದು, ಎಸೆಯೋಕೆ ಅಂತ ಗ್ಲೌಸ್ ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಒದ್ದಾಡಿದಳು. ವಾಪಸ್ ಕಳಿಸಿ ಸರಿಯಾದದ್ದು ಬರೋಕೆ ಹನ್ನೊಂದು ದಿನ. ರಜೆಯ ಹನ್ನೊಂದು ದಿನ ಮಕ್ಕಳಿಗೆ ಎಷ್ಟು ದೊಡ್ಡದು ಅಂತ ಗೊತ್ತಲ್ವಾ? ಕೆಲವು ಮಾರಾಟಗಾರರು ಎಸೆಯುವ ಕೈಯ ಹೆಸರು ಹಾಕುತ್ತಾರೆ, ಕೆಲವರು ಹಾಕಿಕೊಳ್ಳುವ ಕೈಯ ಹೆಸರು ಹಾಕುತ್ತಾರೆ. ಫೋಟೊ ನೋಡಿ. ಹೆಬ್ಬೆರಳು ಯಾವ ಕಡೆ ಇದೆ ಅಂತ ನಿಮ್ಮ ಕೈ ಅದರ ಪಕ್ಕ ಇಟ್ಟು ನೋಡಿ. ಅನುಮಾನ ಇದ್ದರೆ ಮಾರುವವರನ್ನು ಕೇಳಿ, ಆಮೇಲೆ ದುಡ್ಡು ಕಟ್ಟಿ.

ಆ ಹನ್ನೊಂದು ದಿನ ಅವಳನ್ನು ಸಮಾಧಾನ ಮಾಡೋಕೆ ಒಹ್ತಾನಿ ಕತೆ ಹೇಳಿದೆ. ಶೋಹೇ ಒಹ್ತಾನಿ, ಜಪಾನಿನ ಬೇಸ್‌ಬಾಲ್ ಆಟಗಾರ, ಈಗ ಅಮೆರಿಕದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದಲ್ಲಿದ್ದಾನೆ. 2024ರಲ್ಲಿ ಒಂದೇ ಸೀಸನ್‌ನಲ್ಲಿ 54 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು 59 ಬೇಸ್ ಕದ್ದವನು, ಅಂದರೆ ಜೊತೆಯವರು ಚೆಂಡು ಹೊಡೆಯೋಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಮುಟ್ಟಿದವನು. ಎಸೆಯೋದು ಬಲಗೈ, ಬ್ಯಾಟ್ ಬೀಸೋದು ಎಡಗೈ. ಅವಳಿಗೆ ಹಿಡಿಸಿದ್ದು ಈ ಲೆಕ್ಕ ಅಲ್ಲ. 2023ರ ಕೊನೆಯಲ್ಲಿ ಅವನು ಜಪಾನಿನ ಸುಮಾರು 20,000 ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ಗ್ಲೌಸ್ ಕೊಡುತ್ತೇನೆ ಅಂದ. ಒಂದು ಶಾಲೆಗೆ ಮೂರು. ಆ ಮೂರರಲ್ಲಿ ಒಂದು ಎಡಚ ಮಕ್ಕಳಿಗೆ. ‘ಒಂದು ನನ್ನಂಥವರಿಗೇನಾ?’ ಅಂತ ಅವಳು ಮೂರು ಸಲ ಕೇಳಿದಳು. ಹೌದು ಪುಟ್ಟಿ, ನಿನ್ನಂಥವರಿಗೇ.

ಗ್ಲೌಸ್ ಬಂದಾಗ ಹಲಗೆಯ ಹಾಗೆ ಗಟ್ಟಿ ಇತ್ತು. ಇದು ದೋಷ ಅಲ್ಲ, ಎಲ್ಲ ಹೊಸ ಗ್ಲೌಸೂ ಹಾಗೇ. ಅವಳದರ ಅಂಗೈ ಭಾಗ ಚರ್ಮ, ಹಿಂಬದಿ ರೆಕ್ಸಿನ್. ನನ್ನದು ಪೂರ್ತಿ ಚರ್ಮ. ಪಳಗಿಸೋದು ನಿಮ್ಮ ಕೆಲಸ. ನಮ್ಮ ಕಾಲೇಜಿನ ಕೋಚ್ ಸರ್ ಹೇಳಿಕೊಟ್ಟ ರೀತಿಯಲ್ಲೇ ಮಾಡಿದೆ. ಬೆರಳ ತುದಿಯಷ್ಟು ವ್ಯಾಸ್ಲಿನ್ ತೆಗೆದುಕೊಂಡು ಚೆಂಡು ಬಂದು ಕೂರುವ ಗುಳಿಯ ಜಾಗಕ್ಕೂ ಮಡಚುವ ಜಾಗಕ್ಕೂ ತಿಕ್ಕಿದೆ. ಮಗಳು ಕೊಬ್ಬರಿ ಎಣ್ಣೆ ಬಾಟಲಿ ತಂದಿದ್ದಳು, ಬೇಡ ಅಂದೆ. ಎಣ್ಣೆ ಜಾಸ್ತಿ ಕುಡಿದರೆ ಚರ್ಮ ಭಾರವಾಗುತ್ತದೆ, ಜೋತು ಬೀಳುತ್ತದೆ. ಆಮೇಲೆ ಗುಳಿಯೊಳಗೆ ಚೆಂಡು ಇಟ್ಟು, ಗ್ಲೌಸ್ ಮಡಚಿ, ಹಳೇ ಸೀರೆ ಅಂಚಿನಿಂದ ಬಿಗಿಯಾಗಿ ಕಟ್ಟಿ ಹಾಸಿಗೆ ಕೆಳಗೆ ಇಟ್ಟೆವು. ಐದು ರಾತ್ರಿ ಹೀಗೆ. ಹಗಲು ಹೊತ್ತು ಅವಳು ಟಿವಿ ಮುಂದೆ ಕೂತು ಚೆಂಡನ್ನು ಅದರೊಳಗೆ ಹೊಡೆಯುತ್ತಲೇ ಇದ್ದಳು. ಆರನೇ ದಿನ ಗ್ಲೌಸ್ ತಾನಾಗಿ ಮುಚ್ಚಿಕೊಳ್ಳೋಕೆ ಶುರುವಾಯಿತು. ಚರ್ಮದ ವಾಸನೆ ಮಾತ್ರ ಕೈಗೆ ಹತ್ತಿಕೊಂಡು ಬಿಡುತ್ತದೆ. ಮಂಡಕ್ಕಿ ತಿನ್ನೋ ಮುಂಚೆ ಸೋಪು ಹಾಕಿ ತೊಳೆಯಲೇಬೇಕು.

ನಮ್ಮೂರ ಬೇಸಿಗೆಯಲ್ಲಿ ಎಂಟು ಗಂಟೆ ಮೇಲೆ ಬಯಲಿನಲ್ಲಿ ನಿಲ್ಲೋಕಾಗಲ್ಲ. ಐದೂಮುಕ್ಕಾಲಿಗೆ ಎದ್ದು, ಸ್ಕೂಟರ್‌ನಲ್ಲಿ ಹೈಸ್ಕೂಲ್ ಮೈದಾನ. ಅಷ್ಟು ಹೊತ್ತಿಗೆ ನಡೆಯುವವರು ಎರಡು ಸುತ್ತು ಮುಗಿಸಿರುತ್ತಾರೆ. ಕ್ರಿಕೆಟ್ ಹುಡುಗರು ನಡುವೆ ಹತ್ತು ಪಿಚ್ ಮಾಡಿಕೊಂಡಿರುತ್ತಾರೆ. ನಾವು ಒಂದು ಮೂಲೆ. ಮೊದಲ ದಿನ ಒಬ್ಬ ಹುಡುಗ ಬಂದು ‘ಆಂಟಿ, ಇದು ಕೀಪಿಂಗ್ ಗ್ಲೌಸಾ, ಇನ್ನೊಂದು ಎಲ್ಲಿ?’ ಅಂದ. ಇದು ಒಂದೇ ಕಣಪ್ಪ, ಇನ್ನೊಂದು ಕೈ ಎಸೆಯೋಕೆ ಅಂತ ಹೇಳಿದೆ. ಹಾಕಿಕೊಂಡು ನಾಲ್ಕು ಚೆಂಡು ಹಿಡಿದ. ಮಾರನೇ ದಿನದಿಂದ ನಮ್ಮ ಮೂಲೆ ಕಡೆ ಬಂದ ಅವರ ಚೆಂಡನ್ನು ಅವರೇ ‘ಪಾಪ, ಆಂಟಿ ಆಡ್ತಿದ್ದಾರೆ’ ಅಂತ ಓಡಿಬಂದು ತೆಗೆದುಕೊಂಡು ಹೋಗುತ್ತಿದ್ದರು. ಒಳ್ಳೆ ಹುಡುಗರು.

ಶುರುವಿನಲ್ಲಿ ಮಗಳು ಎಲ್ಲ ಚೆಂಡಿಗೂ ಅಂಗೈ ಮೇಲೆ ಮಾಡಿ ನಿಲ್ಲುತ್ತಿದ್ದಳು. ಗುಡಿಯಲ್ಲಿ ತೀರ್ಥಕ್ಕೆ ಕೈ ಒಡ್ಡಿದ ಹಾಗೆ. ನಮ್ಮ ಮಕ್ಕಳೆಲ್ಲ ಕ್ರಿಕೆಟ್ ಕ್ಯಾಚಿನಿಂದ ಕಲಿತಿರೋದು ಅದೇ. ಎತ್ತರದಿಂದ ಬೀಳುವ ಚೆಂಡಿಗೆ ಅದು ಸರಿ. ಎದೆಗೆ ನೇರ ಬರುವ ಚೆಂಡಿಗೆ ಹಾಗೆ ಹಿಡಿದರೆ ಅಂಗೈಯಿಂದ ಜಾರಿ ಗದ್ದಕ್ಕೆ ಬಡಿಯುತ್ತದೆ. ಎರಡನೇ ದಿನ ಬಡಿಯಿತು ಕೂಡ. ಮೆತ್ತನೆ ಚೆಂಡು ಆಗಿದ್ದಕ್ಕೆ ಸ್ವಲ್ಪ ಕೆಂಪಾಯಿತು ಅಷ್ಟೆ. ಅವತ್ತೇ ನಮ್ಮ ಸರ್ ಹೇಳುತ್ತಿದ್ದ ಮಾತು ಹೇಳಿಕೊಟ್ಟೆ: ಸೊಂಟಕ್ಕಿಂತ ಮೇಲೆ ಬಂದರೆ ಬೆರಳು ಆಕಾಶಕ್ಕೆ, ಸೊಂಟಕ್ಕಿಂತ ಕೆಳಗೆ ಬಂದರೆ ಬೆರಳು ನೆಲಕ್ಕೆ. ಹತ್ತು ದಿನ ಆ ಮಾತನ್ನು ಇಬ್ಬರೂ ಜೋರಾಗಿ ಹೇಳಿಕೊಂಡೇ ಆಡಿದೆವು. ಹನ್ನೊಂದನೇ ದಿನವೋ ಏನೋ, ನಾನು ಸ್ವಲ್ಪ ಬಿರುಸಾಗಿ ಎಸೆದೆ. ಅವಳು ಬಾಯಿ ತೆರೆಯಲಿಲ್ಲ. ಬಲಗೈ ಮೇಲಕ್ಕೆ ಹೋಯಿತು, ಬೆರಳು ಆಕಾಶಕ್ಕೆ. ಚೆಂಡು ಸರಿಯಾಗಿ ಗುಳಿಯೊಳಗೆ, ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಬಲೆಯ ಬುಡದಲ್ಲಿ ಬಿತ್ತು. ಅಂಗೈಗೆ ಬಡಿದರೆ ‘ಪಟ್’ ಅಂತ ಉರಿಯುವ ಸದ್ದು. ಗುಳಿಗೆ ಬಿದ್ದರೆ ‘ದಪ್’ ಅಂತ ತುಂಬಿದ ಸದ್ದು. ಆ ‘ದಪ್’ ಕೇಳಿ ಅವಳು ಗ್ಲೌಸ್ ಬಿಡಿಸಿ ಒಳಗೆ ಇಣುಕಿ ನೋಡಿದಳು, ಚೆಂಡು ನಿಜವಾಗಿ ಇದೆಯಾ ಅಂತ. ಆಮೇಲೆ ನನ್ನ ಮುಖ ನೋಡಿದಳು. ಈ ಗ್ಲೌಸ್‌ಗೆ ಕೊಟ್ಟ ಹಣ ಅವತ್ತೇ ಬಂತು ಅಂತ ನನಗೆ ಅನ್ನಿಸಿತು.

ಚೆಂಡಿನ ಬಗ್ಗೆಯೂ ಹೇಳಬೇಕು. ಬೇಸ್‌ಬಾಲ್ ತೂಕ 142ರಿಂದ 149 ಗ್ರಾಂ. ಕ್ರಿಕೆಟ್ ಚೆಂಡು 156ರಿಂದ 163. ಹಾಗಾಗಿ ಬೇಸ್‌ಬಾಲ್ ಸ್ವಲ್ಪ ಹಗುರ, ಆದರೆ ಕೈಗೆ ದೊಡ್ಡದಾಗಿ ಸಿಗುತ್ತದೆ. ನಡುವೆ ಕಾರ್ಕ್ ಮತ್ತು ರಬ್ಬರಿನ ಗುಂಡು, ಅದರ ಮೇಲೆ ಉಣ್ಣೆ ದಾರದ ಸುತ್ತು, ಹೊರಗೆ ಬಿಳಿ ಚರ್ಮ. ಕೆಂಪು ದಾರದಲ್ಲಿ 108 ಜೋಡಿ ಹೊಲಿಗೆ. ಕ್ರಿಕೆಟ್ ಚೆಂಡಿನ ಹೊಲಿಗೆ ನಡುವೆ ನೇರ ಸುತ್ತು ಹಾಕುತ್ತದೆ. ಇದರದ್ದು ಬಳುಕಿಕೊಂಡು ಹೋಗುತ್ತದೆ, ಒಂದು ಕಡೆಯಿಂದ ನೋಡಿದರೆ ಕುದುರೆ ಲಾಳದ ಹಾಗೆ ಕಾಣುತ್ತದೆ. ಆ ಲಾಳಕ್ಕೆ ಅಡ್ಡವಾಗಿ ತೋರುಬೆರಳು, ನಡುಬೆರಳು ಇಟ್ಟು, ಹೆಬ್ಬೆರಳು ಕೆಳಗೆ ಕೊಟ್ಟು ಎಸೆದರೆ ಚೆಂಡು ನೆಟ್ಟಗೆ ಹೋಗುತ್ತದೆ. ಮಗಳ ಕೈ ಚಿಕ್ಕದು, ಅವಳಿಗೆ ಮೂರು ಬೆರಳು ಬೇಕು. ಪರವಾಗಿಲ್ಲ. 108 ನಮ್ಮ ಜಪಮಣಿ ಲೆಕ್ಕವೂ ಹೌದಲ್ವಾ. ನಮ್ಮ ಅತ್ತೆ ಚೆಂಡು ಕೈಗೆ ತೆಗೆದುಕೊಂಡು, ಮೊಮ್ಮಗಳ ಜೊತೆ ಒಂದು ಮಧ್ಯಾಹ್ನ ಪೂರ್ತಿ ಹೊಲಿಗೆ ಎಣಿಸಿದರು.

ಹತ್ತು ವರ್ಷದ ಮಕ್ಕಳಿಗೆ ಮೊದಲ ತಿಂಗಳು ಮೆತ್ತನೆ ಚೆಂಡೇ ಸಾಕು. ಗಟ್ಟಿ ಚೆಂಡನ್ನು ನಾವು ಮೇ ತಿಂಗಳಿಗೆ ಮುಂಚೆ ತೆಗೆಯಲಿಲ್ಲ. ತೆಗೆದ ಮೊದಲ ವಾರವೇ ಅದನ್ನು ಹಾಳು ಮಾಡಿಕೊಂಡೆವು. ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಕೊಂಡಜ್ಜಿಗೆ ಹೋಗಿದ್ದೆವು. ಕೆರೆ, ಗುಡ್ಡ, ಮರದ ನೆರಳು, ಚಪಾತಿ, ಶೇಂಗಾ ಚಟ್ನಿ, ಮೊಸರನ್ನ. ಊಟ ಆದಮೇಲೆ ಕೆರೆ ದಂಡೆ ಹತ್ತಿರ ನಿಂತು ಎಸೆಯೋಕೆ ಶುರು ಮಾಡಿದೆವು. ಅವಳು ಎಸೆದದ್ದು ನನ್ನ ತಲೆ ಮೇಲಿಂದ ಹೋಗಿ ನೀರಿಗೆ ಬಿತ್ತು. ತೇಲುತ್ತಿತ್ತು. ನಮ್ಮ ಯಜಮಾನರು ಕೋಲು ತಂದು ಎಳೆಯುವ ಹೊತ್ತಿಗೆ ಚೆನ್ನಾಗಿ ನೆನೆದಿತ್ತು. ಒಳಗಿನ ಉಣ್ಣೆ ನೀರು ಕುಡಿದರೆ ಚೆಂಡು ಕಲ್ಲಿನ ಹಾಗೆ ಭಾರವಾಗುತ್ತದೆ. ನಾನು ಅವಸರದಲ್ಲಿ ತಾರಸಿಯ ಬಿಸಿಲಿಗೆ ಇಟ್ಟೆ, ಅದು ತಪ್ಪಾಯಿತು. ಚರ್ಮ ಬಿರಿದು ಹೊಲಿಗೆ ಎದ್ದಿತು. ಒದ್ದೆಯಾದರೆ ಬಟ್ಟೆಯಲ್ಲಿ ಒರೆಸಿ ಫ್ಯಾನ್ ಗಾಳಿಗೆ ನೆರಳಲ್ಲಿ ಇಡಿ. ಗ್ಲೌಸ್‌ಗೂ ಇದೇ ಮಾತು. ಸ್ಕೂಟರ್ ಡಿಕ್ಕಿಯೊಳಗೆ ಮಧ್ಯಾಹ್ನ ಬಿಟ್ಟು ಮರೆಯಬೇಡಿ.

ಇನ್ನು ಗ್ಲೌಸಿನ ನಿಜವಾದ ದೋಷ. ಮೂರನೇ ವಾರಕ್ಕೆ ಮಗಳ ಗ್ಲೌಸಿನ ಬಲೆ ಕಟ್ಟಿದ ಚರ್ಮದ ದಾರ ಕಿತ್ತುಹೋಯಿತು. ಈ ಬೆಲೆಯ ಮಾಲಿನಲ್ಲಿ ದಾರ ತೆಳು ಹಾಕುತ್ತಾರೆ. ನನ್ನ ಗ್ಲೌಸಿನ ದಾರ ಇನ್ನೂ ಗಟ್ಟಿ ಇದೆ. ಮತ್ತೆ ವಾಪಸ್ ಕಳಿಸುವ ಮನಸ್ಸಿರಲಿಲ್ಲ. ಹಳೇ ಬಸ್ ಸ್ಟ್ಯಾಂಡ್ ಕಡೆ ಚಪ್ಪಲಿ ಹೊಲಿಯುವ ಅಜ್ಜ ಒಬ್ಬರಿದ್ದಾರೆ, ಅವರ ಹತ್ತಿರ ಹೋದೆವು. ‘ಏನ್ ತಾಯಿ ಇದು, ಯಾವ ಕಾಲಿಂದು?’ ಅಂದರು. ಕೈಯದು ಅಜ್ಜ ಅಂತ ಮಗಳು ಹಾಕಿ ತೋರಿಸಿದಳು. ತಿರುಗಿಸಿ, ಮುರುಗಿಸಿ, ಹಳೇ ದಾರ ಯಾವ ತೂತಿನಿಂದ ಯಾವ ತೂತಿಗೆ ಹೋಗಿತ್ತು ಅಂತ ಬೆರಳಲ್ಲೇ ಹಿಡಿದು ನೋಡಿದರು. ಒಂದು ಚರ್ಮದ ತುಂಡಿನಿಂದ ಉದ್ದಕ್ಕೆ ದಾರ ಸೀಳಿ, ಮೇಣ ಎಳೆದು, ಕೊಕ್ಕೆ ಹಾಕಿ ಒಂದೊಂದೇ ತೂತಿಗೆ ಪೋಣಿಸಿದರು. ಅರ್ಧ ಗಂಟೆ ಹಿಡಿಯಿತು. ನಲವತ್ತು ರೂಪಾಯಿ ಕೇಳಿದರು, ನಾನು ಅರವತ್ತು ಕೊಟ್ಟೆ. ಮುಗಿಸಿದ ಮೇಲೆ ಮುಷ್ಟಿ ಕಟ್ಟಿ ಗುಳಿಗೆ ಎರಡು ಗುದ್ದು ಕೊಟ್ಟು ‘ಇನ್ನು ನಿನ್ನ ಮದುವೆವರೆಗೂ ಬರ್ತದೆ’ ಅಂತ ಮಗಳಿಗೆ ಕೊಟ್ಟರು. ಕಾರ್ಖಾನೆ ದಾರಕ್ಕಿಂತ ಅವರದು ದಪ್ಪ. ನೀವು ಕಡಿಮೆ ಬೆಲೆಯ ಗ್ಲೌಸ್ ತಗೊಂಡರೆ ದಾರ ಕಿತ್ತುಹೋಗುವ ತನಕ ಕಾಯಬೇಡಿ, ಮೊದಲ ವಾರವೇ ಇಂಥವರ ಹತ್ತಿರ ಬದಲಾಯಿಸಿಕೊಳ್ಳಿ.

ಮೇ ಕೊನೆಯಲ್ಲಿ ಚಿತ್ರದುರ್ಗಕ್ಕೆ, ನನ್ನ ತಂಗಿ ಮನೆಗೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಕೋಟೆ ಹತ್ತಿದೆವು. ದೊಡ್ಡವರಿಗೆ 25 ರೂಪಾಯಿ ಟಿಕೆಟ್, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಗ್ಲೌಸ್ ಬ್ಯಾಗಿನಲ್ಲೇ ಇತ್ತು, ಕೋಟೆಯೊಳಗೆ ತೆಗೆಯಬಾರದು ಅಂತ ಮೊದಲೇ ಮಾತಾಗಿತ್ತು. ಅದು ಆಡುವ ಜಾಗ ಅಲ್ಲ. ಓಬವ್ವನ ಕಿಂಡಿ ಹತ್ತಿರ ತಂಗಿ ಮಗ ಕತೆ ಹೇಳಿದ. ಗಂಡ ಊಟಕ್ಕೆ ಕೂತಿದ್ದು, ನೀರು ತರೋಕೆ ಬಂದ ಓಬವ್ವ ಹೈದರಾಲಿ ಸೈನಿಕರು ಕಿಂಡಿಯಲ್ಲಿ ನುಸುಳೋದು ನೋಡಿದ್ದು, ಒನಕೆ ಹಿಡಿದು ಒಬ್ಬೊಬ್ಬರನ್ನೇ ಹೊಡೆದಿದ್ದು. ಮಗಳು ಬಂಡೆಗಳ ನಡುವೆ ಮೈ ಹಿಡಿದುಕೊಂಡು ಒಳಗೆ ತೂರಿ ಆ ಕಡೆ ಹೋಗಿ ಬಂದಳು. ಆಮೇಲೆ ಕೇಳಿದಳು, ‘ಅಮ್ಮ, ಬೇಸ್‌ಬಾಲ್ ಬ್ಯಾಟೂ ಒನಕೆ ಥರಾನೇ ದುಂಡಗಿರುತ್ತಲ್ಲ?’ ನಿಜ. ಕ್ರಿಕೆಟ್ ಬ್ಯಾಟಿನ ಹಾಗೆ ಚಪ್ಪಟೆ ಮುಖ ಇಲ್ಲ. ದಪ್ಪ ಇರುವ ಕಡೆಯೂ ಎರಡೂವರೆ ಇಂಚು ಚಿಲ್ಲರೆ ಅಷ್ಟೆ. ದುಂಡನೆ ಕೋಲಿಂದ ದುಂಡನೆ ಚೆಂಡು ಹೊಡೆಯಬೇಕು, ಅದಕ್ಕೇ ಅದು ಅಷ್ಟು ಕಷ್ಟ. ಅಕ್ಕ ತಂಗಿ ಹೊಂಡದ ಹತ್ತಿರ ಕೂತು ನೀರು ಕುಡಿಯುವವರೆಗೂ ಇದೇ ಮಾತು.

ಸಂಜೆ ತಂಗಿ ಮನೆ ಹತ್ತಿರದ ಖಾಲಿ ಸೈಟಿನಲ್ಲಿ ನಾಲ್ಕು ಜನ ಆಡಿದೆವು. ಗ್ಲೌಸ್ ಎರಡೇ. ತಂಗಿ ಮಗ ‘ದೊಡ್ಡಮ್ಮ, ನಂಗೊಂದ್ಸಲ, ನಂಗೊಂದ್ಸಲ’ ಅಂತ ನನ್ನದನ್ನು ಕಿತ್ತುಕೊಂಡ. ನನ್ನ ತಂಗಿ ಓದುವಾಗ ಒಂದು ದಿನವೂ ಮೈದಾನಕ್ಕೆ ಇಳಿದವಳಲ್ಲ. ಮಗಳ ಗ್ಲೌಸ್ ಬಲಗೈಗೆ ಹಾಕಿಕೊಂಡು, ಬಾರದ ಎಡಗೈಯಲ್ಲಿ ಎಸೆದು, ಕತ್ತಲಾಗುವ ತನಕ ಬಿಡಲಿಲ್ಲ. ಮಾರನೇ ದಿನ ಭುಜ ಹಿಡಿದುಕೊಂಡಿತ್ತಂತೆ. ಮೊದಲ ದಿನ ಇಪ್ಪತ್ತು ಎಸೆತಕ್ಕೆ ನಿಲ್ಲಿಸಿ, ದೊಡ್ಡವರಾದರೂ ಅಷ್ಟೇ.

ಒಂದು ಅನುಕೂಲ ಹೇಳಬೇಕು. ಅಮೆರಿಕದಲ್ಲಿ ಸೀಸನ್ ಶುರುವಾಗೋದು ಮಾರ್ಚ್ ಕೊನೆಗೆ, ನಮ್ಮ ಮಕ್ಕಳ ರಜೆಗೆ ಸರಿಯಾಗಿ. ಲಾಸ್ ಏಂಜಲೀಸ್‌ನಲ್ಲಿ ಸಂಜೆ 7 ಗಂಟೆ ಆದಾಗ ನಮ್ಮಲ್ಲಿ ಮಾರನೇ ಬೆಳಿಗ್ಗೆ ಏಳೂವರೆ. ಮೈದಾನದಿಂದ ಬಂದು, ಕೈಕಾಲು ತೊಳೆದು, ತಿಂಡಿಗೆ ಕೂತಾಗ ಅಲ್ಲಿ ಆಟ ಶುರು. ಮಂಡಕ್ಕಿ ಒಗ್ಗರಣೆ ತಟ್ಟೆ ಪಕ್ಕ ಫೋನ್ ಇಟ್ಟುಕೊಂಡು ಸ್ಕೋರ್ ನೋಡುವುದು, ಆಮೇಲೆ ಯೂಟ್ಯೂಬ್‌ನಲ್ಲಿ ಮುಖ್ಯ ಭಾಗ ನೋಡುವುದು. ಬೀಸಿ ತಪ್ಪಿದರೆ ಅಥವಾ ಹೊಡೆಯಬಹುದಾದ ಎಸೆತ ಬಿಟ್ಟರೆ ಸ್ಟ್ರೈಕ್, ಮೂರು ಸ್ಟ್ರೈಕ್‌ಗೆ ಔಟ್. ಬ್ಯಾಟ್ ಬೀಸದೆ ಬಿಟ್ಟ ದಾರಿ ತಪ್ಪಿದ ಎಸೆತಕ್ಕೆ ‘ಬಾಲ್’ ಅಂತ ಹೆಸರು, ಅಂಥ ನಾಲ್ಕಕ್ಕೆ ಮೊದಲ ಬೇಸ್‌ಗೆ ನಡಿಗೆ. ಮೂರು ಔಟಿಗೆ ಬ್ಯಾಟಿಂಗ್ ಬದಲಾವಣೆ, ಒಂಬತ್ತು ಇನಿಂಗ್ಸ್. ಇಷ್ಟು ಹೇಳಿದ್ದೇ, ಉಳಿದದ್ದು ಅವಳೇ ನೋಡಿ ಕಲಿತಳು. ಭಾನುವಾರ ಮಾತ್ರ ಫೋನ್ ಬಂದ್. ಮೈದಾನದಿಂದ ನೇರ ಬೆಣ್ಣೆ ದೋಸೆಗೆ. ಅವಳಿಗೆ ಎರಡು, ನನಗೆ ಎರಡು, ಗ್ಲೌಸ್ ಪಕ್ಕದ ಕುರ್ಚಿ ಮೇಲೆ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್, ಕ್ರಿಕೆಟ್ ಎಲ್ಲವೂ ಇವೆ. ಆಗ ಅವಳು ಹೈಸ್ಕೂಲಿನಲ್ಲಿರುತ್ತಾಳೆ. 11 ಇಂಚಿನದು ಆಗ ಚಿಕ್ಕದಾಗಿರುತ್ತದೆ, ನನ್ನ 12 ಇಂಚಿನದು ಅವಳಿಗೆ ಆಗಲ್ಲ, ಕೈ ಬೇರೆ. ಎಡಚ ಮಕ್ಕಳ ಅಮ್ಮಂದಿರು ಈ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಅಂಕ ಕೊಡಬೇಕು ಅಂದರೆ ನನ್ನ ಗ್ಲೌಸ್‌ಗೆ ಐದಕ್ಕೆ ಐದು. ಅವಳದಕ್ಕೆ ದಾರದ ಕಾರಣ ನಾಲ್ಕು, ಅಜ್ಜನ ದಾರ ಸೇರಿಸಿದರೆ ಅದಕ್ಕೂ ಐದು.

ಈಗ ಶಾಲೆ ಶುರುವಾಗಿದೆ, ಮಳೆಯೂ ಹಿಡಿದಿದೆ. ವಾರದ ದಿನ ಬೆಳಿಗ್ಗೆ ಆಗುತ್ತಿಲ್ಲ. ಶನಿವಾರ ಬೆಳಗಿನ ಶಾಲೆ ಇರುತ್ತದಲ್ಲ, ಮುಗಿಸಿ ಬಂದವಳು ಸಮವಸ್ತ್ರ ಬಿಚ್ಚುವ ಮುಂಚೆ ಸೀರೆ ಅಂಚಿನ ಗಂಟು ಬಿಚ್ಚಿರುತ್ತಾಳೆ. ಹೊಸ ಗಟ್ಟಿ ಚೆಂಡಿಗೆ ನಿನ್ನೆ ಆರ್ಡರ್ ಹಾಕಿದ್ದೇನೆ. ಬುಧವಾರ ಬರುತ್ತದಂತೆ.